ಕಾಕಿ ತೂಗಿದ ತಂತಿ

ತೆನ್ರ್ಯೂ ಹೊಳೆಯ ಮಂಜು ಬೆಳಗಿನ ಹೊತ್ತು ಅಂಗಳದವರೆಗೂ ಬಂದು, ಬಿಸಿಲೇರಿದ ಮೇಲೆ ಹಿಂದಿರುಗುವ ಕಾಲ ಬಂತೆಂದರೆ ಆ ಕಣಿವೆಯಲ್ಲಿ ಕಾಕಿ ಹಣ್ಣು ಸುಲಿಯುವ ಕೆಲಸ ಶುರು. ಮರದಲ್ಲಿದ್ದಾಗ ನಾಲಿಗೆ ಹಿಡಿದುಕೊಳ್ಳುವಷ್ಟು ಒಗರಾದ ಹಣ್ಣು. ಸಿಪ್ಪೆ ತೆಗೆದು, ಗಂಧಕದ ಹೊಗೆ ಕೊಟ್ಟು, ಸೂರಿನಡಿ ತೂಗಿಬಿಟ್ಟರೆ ತಿಂಗಳಾಗುವಷ್ಟರಲ್ಲಿ ಮೈಮೇಲೆ ಬಿಳಿ ಸಕ್ಕರೆ ಹೊದ್ದು ಬೆಲ್ಲವಾಗುತ್ತದೆ. ಅಲ್ಲಿಯತನಕ ಯಾವ ಮನೆಯಲ್ಲೂ ಯಾರ ಕೈಗೂ ಬಿಡುವಿಲ್ಲ.

ಆ ಭಾನುವಾರ ಸಾಯೊ ಕೆಲಸದ ಕೊಟ್ಟಿಗೆಯಲ್ಲಿ ಅತ್ತೆಯ ಎದುರು ಕೂತು ಸುಲಿಯುತ್ತಿದ್ದಳು. ಗಂಡ ಶೂಜಿ ಊರಿನ ಅಗ್ನಿಶಾಮಕ ಪಡೆಯ ಕವಾಯತಿಗೆಂದು ಕಾರು ತೆಗೆದುಕೊಂಡು ಹೋಗಿದ್ದ. ಅವಳ ಕೈ ಹಣ್ಣಿನ ಮೇಲಿದ್ದರೂ ಕಣ್ಣು ಗಡಿಯಾರದ ಮೇಲಿತ್ತು.

"ಹಣ್ಣು ಸುಲೀತಿದ್ದೀಯೋ, ಬೆರಳು ಸುಲೀತಿದ್ದೀಯೋ?" ಎಂದಳು ಅತ್ತೆ ಶಿಗೆನೊ.

"ಮೂರು ಗಂಟೆಗೆ ಆಟ ಇದೆ ಅತ್ತೆ."

"ಗೊತ್ತು ಕಣೇ. ಬೆಳಗಿಂದ ಅದೇ ಮಂತ್ರ."

ಮದುವೆಯಾಗಿ ಈ ಕಣಿವೆಗೆ ಬಂದಾಗ ಸಾಯೊಳ ಜೊತೆ ಬಂದದ್ದು ಎರಡು ಪೆಟ್ಟಿಗೆ ಬಟ್ಟೆ, ಒಂದು ಗೇಮ್ ಯಂತ್ರ, ಅದರೊಳಗಿನ ಮೂರು ದನಿಗಳು. ಆ ಮೂವರ ಮುಖವನ್ನು ಅವಳು ಕಂಡಿರಲಿಲ್ಲ. ಆದರೆ ಪ್ರತಿ ಭಾನುವಾರ ನಾಲ್ವರೂ ಒಂದು ತಂಡವಾಗಿ ಆಡುತ್ತಿದ್ದರು, ನಗುತ್ತಿದ್ದರು, ಬೈದುಕೊಳ್ಳುತ್ತಿದ್ದರು. ಹೊಸ ಊರಿನಲ್ಲಿ ಅವಳು ಸೊಸೆಯಾಗಿರದ ಹೊತ್ತೆಂದರೆ ಅದೊಂದೇ. ಕಳೆದ ವಾರ ಆಟದ ನಡುವೆ ಎರಡು ಸಲ ಅವಳ ಸಂಪರ್ಕ ಕಡಿದುಹೋಗಿ ತಂಡ ಸೋತಿತ್ತು. ತಂಡದ ಮುಂದಾಳು ರ್ಯೋಹೆಯ್, ತೊಕುಶಿಮದಲ್ಲಿ ಮೀನು ಮಾರುವವನು, ಮೆಲ್ಲಗೆ ಹೇಳಿದ್ದ: "ಬೇಜಾರು ಮಾಡ್ಕೋಬೇಡಿ ಸಾಯೊ ಅಕ್ಕ. ಮುಂದಿನ ವಾರವೂ ಹೀಗೇ ಆದ್ರೆ, ಉಳಿದಿಬ್ಬರ ಸಲುವಾಗಿ ನಾನು ಬೇರೆಯವರನ್ನ ನೋಡ್ಲೇಬೇಕು." ಮೆಲ್ಲಗೆ ಹೇಳಿದ್ದಕ್ಕೇ ಅದು ಹೆಚ್ಚು ಚುಚ್ಚಿತ್ತು.

ವಾರವಿಡೀ ಅವಳು ಮಾಡದ್ದೇ ಇರಲಿಲ್ಲ. ಇಂಟರ್ನೆಟ್ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದಳು, ಹೊಸದನ್ನೇ ತರಿಸಿದಳು. ಫೋನಿನ ಸಿಗ್ನಲ್ ನಂಬೋಣವೆಂದರೆ ಆ ಕಣಿವೆಯಲ್ಲಿ ಅದು ಮಾತಿಗೇ ಸಾಲದು. ಕಂಪನಿಯ ಹುಡುಗಿ ಫೋನಿನಲ್ಲಿ, "ಲೈನು ಸರಿಯಾಗಿದೆ ಮೇಡಂ. ನಡುವೆ ಮೀನಿನ ತೊಟ್ಟಿ ಏನಾದ್ರೂ ಇಟ್ಟಿದ್ದೀರಾ? ನೀರು ತರಂಗಾನ ಕುಡಿದುಬಿಡತ್ತೆ" ಎಂದಿದ್ದಳು. ಇಲ್ಲವೆಂದು ಸಾಯೊ ನಕ್ಕಿದ್ದಳು. ಬೇಸಿಗೆಯೆಲ್ಲ ಒಮ್ಮೆಯೂ ಕಡಿಯದ ಸಂಪರ್ಕ ಈಗೇಕೆ ಕಡಿಯುತ್ತದೆಂಬುದು ಮಾತ್ರ ಹೊಳೆದಿರಲಿಲ್ಲ.

ಊಟದ ಬಿಡುವಿನಲ್ಲಿ ಅವಳು ಫೋನು ಹಿಡಿದು ಕೊಟ್ಟಿಗೆಯಿಂದ ತನ್ನ ಕೋಣೆಯತ್ತ ನಡೆದಳು. ಪೆಟ್ಟಿಗೆ ಇದ್ದದ್ದು ಕೊಟ್ಟಿಗೆಯ ಗೋಡೆಯಲ್ಲಿ. ಕೋಣೆ ಇದ್ದದ್ದು ಅಂಗಳ ಬಳಸಿ ಮುರಿದ ಮೊಣಕೈಯಂತೆ ಬಾಗಿದ ಮನೆಯ ತುದಿಯಲ್ಲಿ. ಅಂಗಳದ ನಡುವೆ ನಿಂತಾಗ ಫೋನಿನಲ್ಲಿ ಗೆರೆಗಳು ತುಂಬಿದ್ದವು. ಸೂರಿನಡಿ ತೂಗಿದ ಹಣ್ಣಿನ ಸಾಲು ದಾಟಿ ಒಳಗೆ ಕಾಲಿಟ್ಟರೆ ಒಂದೇ ಗೆರೆ. ಹೊರಗೆ ಬಂದರೆ ಮತ್ತೆ ಪೂರ್ತಿ. ಸಾಯೊ ತಲೆಯೆತ್ತಿದಳು. ಹತ್ತು ದಿನದಿಂದ ತೂಗುತ್ತ ಬಂದ, ಇನ್ನೂ ರಸ ತೊಟ್ಟಿಕ್ಕುವ ಕಾಕಿಗಳು ಸೂರಿನುದ್ದಕ್ಕೂ ಕಿತ್ತಳೆ ಬಣ್ಣದ ಗೋಡೆಯಾಗಿ ನಿಂತಿದ್ದವು. ಮೀನಿಲ್ಲದ ತೊಟ್ಟಿ.

"ಅತ್ತೆ, ಇವನ್ನ ಒಂದು ಗಂಟೆ ಇಳಿಸಿದ್ರೆ?"

"ಹಸಿ ಬಾಣಂತಿ ಕಣೇ ಅವು. ಮುಟ್ಟಿದ ಕಡೆಯೆಲ್ಲ ಕಪ್ಪಾಗ್ತವೆ."

"ಹಾಗಾದ್ರೆ ಟಿವಿಯನ್ನೇ ಕೊಟ್ಟಿಗೆಗೆ ತರ್ತೀನಿ."

"ಗಂಧಕ ಹಚ್ಚಬೇಡವಾ? ಸುಲಿದದ್ದು ಕಾಯ್ತಾ ಕೂರಲ್ಲ. ಹೊಗೆಯಲ್ಲಿ ಕೂತು ಆಡ್ತೀಯಾ?"

ಉಳಿದದ್ದು ತಂತಿ. ಎರಡು ವರ್ಷದ ಹಿಂದೆ ಶೂಜಿ ಪೆಟ್ಟಿಗೆಯಿಂದ ಕೋಣೆಗೆ ಎಳೆಯಲೆಂದು ತಂದ ನೀಲಿ ಇಂಟರ್ನೆಟ್ ತಂತಿಯ ಸುರುಳಿ ಅಟ್ಟದ ಮೇಲಿರಬೇಕಿತ್ತು. ಸಾಯೊ ಏಣಿ ಹತ್ತಿ ನೋಡಿದಳು. ಮೊಳೆ ಇತ್ತು, ಧೂಳಿತ್ತು, ಸುರುಳಿ ಇರಲಿಲ್ಲ.

ಕೆಳಗೆ ಶಿಗೆನೊ ನಿಂತಿದ್ದಳು. "ನೀಲಿ ಹಗ್ಗಾನಾ?" ಎಂದಳು.

ಈ ಸಲ ಹಣ್ಣು ಹೆಚ್ಚು, ಹಗ್ಗ ಕಡಿಮೆ. ಕೊಳೆಯದ, ಹಿಗ್ಗದ ಗಟ್ಟಿ ಹಗ್ಗವೆಂದು ಅವಳು ಅದನ್ನು ಕೊಟ್ಟಿಗೆಯ ಕಂಬದಿಂದ ಸೊಸೆಯ ಕೋಣೆಯ ಕಿಟಕಿಯತನಕ ಸೂರಿನಡಿ ಎಳೆದು ಮೊಳೆಗಳಿಗೆ ಸಿಕ್ಕಿಸಿದ್ದಳು. ಬಿದಿರಿನ ಗಳುಗಳು ತುಂಬಿದ ಮೇಲೆ ಉಳಿದ ಹಣ್ಣಿನ ಸರಗಳು ತೂಗುತ್ತಿದ್ದದ್ದು ಅದರಿಂದಲೇ.

"ಕತ್ತರಿಸಿದಿರಾ?"

"ನಡುವೆ ಇಲ್ಲಪ್ಪ, ಒಂದೇ ಎಳೆ. ಎರಡು ತುದಿಯಲ್ಲಿ ಗಾಜಿನಂಥ ಗುಂಡಿ ಇತ್ತಲ್ಲ, ಗಂಟು ಹಾಕೋಕೆ ಅಡ್ಡ ಬಂತು. ಅದನ್ನ ಮಾತ್ರ..."

ಸಾಯೊ ಏಣಿಯ ಮೇಲೇ ಕೂತಳು. ತಂತಿ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿದೆ; ತಲೆಗಳೇ ಇಲ್ಲ. ಹತ್ತಿರದ ಅಂಗಡಿಗೆ ಕಾರಿಲ್ಲದೆ ಹೋಗುವಂತಿಲ್ಲ.

"ಕುಮೆಜೊ ಮಾವನ ಹತ್ರ ಇರತ್ತೆ," ಎಂದಳು. ಮಂಗಗಳ ಕಾಟಕ್ಕೆ ಪಕ್ಕದ ಮನೆಯ ಕುಮೆಜೊ ತೋಟದ ಸುತ್ತ ಕ್ಯಾಮೆರಾ ಹಾಕಿಕೊಂಡಿದ್ದ. ತಂತಿಗೆ ತಲೆ ಕೂರಿಸುವ ಇಕ್ಕಳವೂ ಅವನಲ್ಲಿತ್ತು. "ನಾನು ಹೋಗಿ ಕೇಳ್ತೀನಿ."

ಶಿಗೆನೊ ಮುಖ ತಿರುಗಿಸಿದಳು. ಹೋದ ವರ್ಷ ಕುಮೆಜೊ ಹೆಂಡತಿಯ ಜೊತೆ ಎರಡು ದಿನ ಇವರಲ್ಲಿ ಮುಯ್ಯಾಳಾಗಿ ಸುಲಿದುಕೊಟ್ಟಿದ್ದ. ಅವನ ಸರದಿ ಬಂದಾಗ ಶಿಗೆನೊ ಮಹಿಳಾ ಸಂಘದವರೊಡನೆ ಬಿಸಿನೀರಿನ ಬುಗ್ಗೆಗೆ ಹೋಗಿಬಿಟ್ಟಿದ್ದಳು. ಮರೆತೆನೆಂದು ಅವಳು ಹೇಳಲಿಲ್ಲ. ಮರೆಯಲೆಂದು ಅವನು ಬಿಡಲಿಲ್ಲ, ಊರ ಸಭೆಯಲ್ಲೇ ಆಡಿಬಿಟ್ಟ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಮುಯ್ಯಿ ಉಳಿಸಿಕೊಂಡ ಮನೆ ಆ ಊರಿನಲ್ಲಿ ಇನ್ನೊಂದು ಮುಯ್ಯಿ ಕೇಳುವಂತಿಲ್ಲ.

ಎರಡು ಹೊಡೆಯಿತು. ಶಿಗೆನೊ ಏಪ್ರನ್ ಬಿಚ್ಚಿ ಮೂಲೆಗಿಟ್ಟಳು. "ಗುಂಡಿ ಕತ್ತರಿಸಿದ್ದು ನಾನು," ಎಂದು ಹೊರಟಳು.

ಸಾಯೊ ಗೇಟಿನತ್ತಲೇ ನೋಡುತ್ತ ನಿಂತಳು. ಗಡಿಯಾರ ಓಡುತ್ತಿತ್ತು. ಕಡೆಗೆ ಅತ್ತೆ ಬಂದಳು. ಹತ್ತು ಹೆಜ್ಜೆ ಹಿಂದೆ ತಕರಾರಿನ ಮುಖ ಹೊತ್ತು ಕುಮೆಜೊ.

"ಬುಗ್ಗೆ ಬತ್ತಿಹೋಯ್ತೇನೋ, ನಮ್ಮ ಬಾಗಿಲು ನೆನಪಾಗಿದೆ," ಎಂದ, ಯಾರಿಗೂ ಅಲ್ಲವೆಂಬಂತೆ.

"ಮಾತು ಆಮೇಲೆ. ಕೈ ಆಡ್ಸು," ಎಂದಳು ಶಿಗೆನೊ.

ತಂತಿಯೊಳಗೆ ಎಂಟು ಸಣ್ಣ ಎಳೆ, ಎಂಟು ಬಣ್ಣ. ಕುಮೆಜೊ ಕನ್ನಡಕ ಮರೆತು ಬಂದಿದ್ದ. ಸಾಯೊ ಫೋನಿನಲ್ಲಿ ಕ್ರಮ ನೋಡಿ ಜೋಡಿಸಿದಳು, ಅವನು ಇಕ್ಕಳ ಒತ್ತಿದ. ಕೋಣೆಯ ತುದಿ ಆಯಿತು, ಕೊಟ್ಟಿಗೆಯ ತುದಿಯೂ ಆಯಿತು. ಪೆಟ್ಟಿಗೆಗೆ ಸಿಕ್ಕಿಸಿದರೆ ದೀಪ ಹತ್ತಲಿಲ್ಲ.

"ಹಣ್ಣಿನ ಭಾರಕ್ಕೆ ಒಳಗೇ ಕಡಿದಿರಬೇಕು," ಎಂದ ಕುಮೆಜೊ.

ಶಿಗೆನೊಳ ಮುಂದೆ ಸುಲಿದ ಹಣ್ಣು ಗಂಧಕಕ್ಕೆ ಕಾದು ಅಂಚಿನಲ್ಲಿ ಕಂದತೊಡಗಿತ್ತು. ಇವರಿಬ್ಬರೂ ಒಳಗಿರುವಾಗ ಅವಳು ಕಡ್ಡಿ ಗೀರಲಿಲ್ಲ.

ಸಾಯೊ ತುದಿಯನ್ನು ಬೆಳಕಿಗೆ ಹಿಡಿದಳು. ಹಸಿರೂ ನೀಲಿಯೂ ಅದಲುಬದಲಾಗಿದ್ದವು. ಅವಸರದಲ್ಲಿ ತಪ್ಪಿದ್ದು ಅವಳೇ. "ಮಾವ, ಇನ್ನೊಂದು ತಲೆ ಇದೆಯಾ?"

"ಒಂದೇ ಇದೆ. ಇದೂ ಹಾಳಾದ್ರೆ ಮಂಗಗಳನ್ನ ಕೇಳ್ಬೇಕು."

ಅವಳು ಒಂದೊಂದೇ ಎಳೆಯನ್ನು ಉಸಿರು ಬಿಗಿಹಿಡಿದು ಕೂರಿಸಿದಳು. ಇಕ್ಕಳ ಕಟಕ್ಕೆಂದಿತು. ಪೆಟ್ಟಿಗೆಯಲ್ಲಿ ಹಸಿರು ದೀಪ ಮಿಣುಕಿ ನಿಂತಿತು. ಸಾಯೊ ಓಡಿದಳು. ಬೆನ್ನ ಹಿಂದೆ ಕಡ್ಡಿ ಗೀರಿದ ಸದ್ದಾಯಿತು.

ಹೆಡ್‌ಫೋನ್ ಕಿವಿಗೆ ಹಾಕಿಕೊಂಡಾಗ ರ್ಯೋಹೆಯ್‌ನ ದನಿ: "ಬಂದ್ರಾ? ಇನ್ನೊಂದು ನಿಮಿಷ ನೋಡಿ ಬಿಟ್ಟುಬಿಡ್ತಿದ್ದೆ."

ಆಟದ ನಡುವೆ ಗಾಳಿ ಎದ್ದಿತು. ಕಿಟಕಿಯಾಚೆ ಹಣ್ಣಿನ ಸರಗಳು ತೂಗಾಡಿದವು, ನೀಲಿ ತಂತಿ ಜಗ್ಗಿತು. ಪರದೆಯ ಮೇಲೆ ಎಲ್ಲವೂ ಅರೆಗಳಿಗೆ ತಡೆದು ನಿಂತಂತಾಯಿತು. ಆಮೇಲೆ ತೂಗಾಟ ನಿಂತಿತು. ಓರೆಗಣ್ಣಿನಲ್ಲಿ ನೋಡಿದರೆ ಶಿಗೆನೊ ಸ್ಟೂಲಿನ ಮೇಲೆ ನಿಂತು ಎರಡೂ ಕೈಯಿಂದ ತಂತಿಯನ್ನು ಮೊಳೆಗೊತ್ತಿ ಹಿಡಿದಿದ್ದಳು. ಆಚೆ ತುದಿಯಲ್ಲಿ ಕುಮೆಜೊ, ಬೈಯುತ್ತಲೇ, ಅದನ್ನೇ ಮಾಡುತ್ತಿದ್ದ.

ತಂಡ ಕೂದಲೆಳೆಯಲ್ಲಿ ಸೋತಿತು. ಸಂಪರ್ಕ ಮಾತ್ರ ಒಮ್ಮೆಯೂ ಕಡಿಯಲಿಲ್ಲ.

"ಇದು ನಾವೇ ಆಡಿ ಸೋತದ್ದು ಬಿಡಿ," ಎಂದ ರ್ಯೋಹೆಯ್. "ಮುಂದಿನ ಭಾನುವಾರ ಅಭ್ಯಾಸಕ್ಕೆ ಬನ್ನಿ ಅಕ್ಕ. ತಡ ಮಾಡ್ಬೇಡಿ."

ಸಾಯೊ ಹೊರಬರುವಷ್ಟರಲ್ಲಿ ಕುಮೆಜೊ ಚಹಾಕ್ಕೂ ನಿಲ್ಲದೆ ಹೋಗಿದ್ದ.

ಮರುದಿನ ಮಂಜು ಅಂಗಳದಲ್ಲಿರುವಾಗಲೇ ಶಿಗೆನೊ ತನ್ನ ಸುಲಿಯುವ ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು.

"ನಾನೂ ಬರ್ತೀನಿ ಅತ್ತೆ. ತಂತಿಯ ಮುಯ್ಯಿ ನನ್ನದು."

"ಅದನ್ನ ನಾಳಿದ್ದು ತೀರ್ಸು. ಹಳೇದು ಮೊದಲು."

ಕುಮೆಜೊ ಜಗುಲಿಯಲ್ಲಿ ಹಣ್ಣಿನ ರಾಶಿಯ ಮುಂದೆ ಕೂತಿದ್ದ. ಅವಳನ್ನು ಕಂಡು ಪಕ್ಕದಲ್ಲಿದ್ದ ಕೂರುವ ದಿಂಬನ್ನು ಕಾಲಿನಿಂದ ಅವಳತ್ತ ತಳ್ಳಿದ. ಶಿಗೆನೊ ಕೂತು ಮೊದಲ ಹಣ್ಣಿನ ತೊಟ್ಟು ಹಿಡಿದಳು.