ಬಳ್ಳಿನಾರಿನ ಬಟ್ಟೆ

ಅಲೀಮ್ ಹೆಬ್ಬೆರಳಿನ ಉಗುರಿನಿಂದ ಕೈಯಲ್ಲಿದ್ದ ಬಟ್ಟೆಯ ಎಣ್ಣೆಕಲೆಯನ್ನು ಕೆರೆಯುತ್ತಲೇ ಇದ್ದ. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಮಸೀದಿಯ ಹಿಂಬದಿ ಕೋಣೆಯಲ್ಲಿ ಹೆಂಗಸರು ತೀರಿಕೊಂಡ ಅವನ ಹೆಂಡತಿ ಹಾದಿಯಾಳ ಮೈ ತೊಳೆಯುತ್ತಿದ್ದರು. ಹಾದಿಯಾ ಜಪಾನಿನ ಗುಡ್ಡಗಾಡಿನವಳು, ಮದುವೆಯಾಗುವಾಗ ಈ ಹೆಸರು ಇಟ್ಟುಕೊಂಡವಳು. ಕೊನೆಗೆ ಅವಳು ಕೇಳಿದ್ದು ಒಂದೇ: ತನ್ನ ಅಜ್ಜಿ ನೇಯ್ದ ಈ ಗೇಣಗಲದ ಉದ್ದನೆಯ ಬಟ್ಟೆ ತನ್ನ ಜೊತೆ ಮಣ್ಣಿಗೆ ಬರಬೇಕು.

"ಲೀವ್ ಇಟ್, ಅಬ್ಬಾ," ಎಂದ ಮಗ ಯಾಸೀನ್. ಅಮ್ಮ ತಾನೇ ಎಣ್ಣೆ ಚೆಲ್ಲಿಕೊಂಡೆ ಎಂದು ಹೇಳಿದ್ದಳು ಎಂದೂ ಇಂಗ್ಲಿಷಿನಲ್ಲಿ ಸೇರಿಸಿದ.

ಅಲೀಮನ ಉಗುರು ನಿಂತಿತು.

ಬಾಗಿಲು ತೆರೆದು ಅಸ್ಗರಿ ಆಪಾ ಹೊರಬಂದರು. ರಾಯಚೂರಿನವರು, ಈ ಸುತ್ತಮುತ್ತ ತೀರಿಕೊಂಡ ಹೆಂಗಸರನ್ನೆಲ್ಲ ತೊಳೆದು ಕಳಿಸುವ ಕೈ ಅವರದು. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಪುಂಡಿ ನಾರೇನೋ ಇದು? ಗೋಣಿ ಇದ್ದಂಗದ."

"ಕಾಡಬಳ್ಳಿ ತೊಗಟೀದು, ಆಪಾ. ಅವರ ಗುಡ್ಡದಾಗ ಹತ್ತಿ ಬೆಳೀತಿರಲಿಲ್ಲಂತ. ಹಿಂದಕ ಬಡವರು ಇದನ್ನ ಉಡ್ತಿದ್ರಂತ."

"ಉಡಲಿ. ಎಣ್ಣಿ ಕಲಿ ಇದ್ದ ಅರಿವಿ ಹೆಣಕ್ಕ ಸುತ್ತೋ ಕಫನಕ್ಕ ಬರಂಗಿಲ್ಲ."

*

ಹನ್ನೆರಡು ವರ್ಷದ ಹಿಂದೆ ವಿಕ್ಸಮ್ ಊರಿನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಆ ಬಟ್ಟೆ ಅಲೀಮನ ಕೈಗೆ ಸಿಕ್ಕಿತ್ತು. ಹಳೇ ಗೋಣಿ ಎಂದುಕೊಂಡು ಕಾರಿನ ಕೆಳಗೆ ಹಾಸಿ ಆಯಿಲ್ ಬದಲಿಸಿದ್ದ. ಹಾದಿಯಾ ಬಂದು ನೋಡಿದಳು, ಬೈಯಲಿಲ್ಲ. ವಾರಗಟ್ಟಲೆ ಬೂದಿನೀರಿನಲ್ಲಿ ನೆನೆಸಿ ನೆನೆಸಿ ಒಗೆದಳು. ಅಜ್ಜಿ ತೊಗಟೆ ಬೇಯಿಸಿದ್ದೂ ಬೂದಿನೀರಿನಲ್ಲೇ ಅಂತೆ. ಎಳೆ ಸೀಳಿ, ತುದಿಗೆ ತುದಿ ಹೊಸೆದು, ಒಂದು ಚಳಿಗಾಲವಿಡೀ ನೂಲು ಮಾಡಿದ್ದಳಂತೆ. ಎಲ್ಲೂ ಒಂದು ಗಂಟಿಲ್ಲ, ಮುಟ್ಟಿ ನೋಡಿ ಎಂದು ಅವನ ಬೆರಳು ಹಿಡಿದು ಬಟ್ಟೆಯ ಮೇಲೆ ಆಡಿಸಿದ್ದಳು.

ತಪ್ಪಾಯ್ತು ಎನ್ನಬೇಕಿತ್ತು. "ಹೊಸದು ಆರ್ಡರ್ ಮಾಡೋಣ ಬಿಡು," ಎಂದಿದ್ದ.

*

"ಕಲಿ ನಂದು, ಆಪಾ," ಎಂದ ಅಲೀಮ್, ಮಗನಿಗೂ ಕೇಳುವಂತೆ. "ಕಾರಿನ ಕೆಳಗ ಹಾಸಿದಾಂವ ನಾನು. ಆಕಿ ನನ್ನ ಹೆಸರು ಹೇಳಲಿಲ್ಲ."

ಯಾಸೀನ್ ಪಾರ್ಕಿಂಗ್ ಕಡೆಗೆ ನಡೆದುಬಿಟ್ಟ.

ಅಸ್ಗರಿ ಕತ್ತರಿ ತೆಗೆದರು. ಬಟ್ಟೆಯಿಂದ ಮೂರು ಉದ್ದ ಪಟ್ಟಿಗಳಾದವು. ಕಲೆಯೆಲ್ಲ ಒಂದಕ್ಕೇ ಬಂತು. "ಕಫನ ಬಿಳೀದೇ ಇರಲಿ. ತಲಿ, ನಡ, ಕಾಲಿಗೆ ಇದರಿಂದ ಕಟ್ತೀನಿ. ಕಲಿ ಗಂಟಿನೊಳಗ ಹೋಗಲಿ, ಯಾರಿಗೂ ಕಾಣಂಗಿಲ್ಲ."

ಗೋರಿಗೆ ಇಳಿಸಿದ ಮೇಲೆ ಗಂಟು ಬಿಚ್ಚುವುದು ಪದ್ಧತಿ. ತಲೆಯದು, ನಡುವಿನದು ಸಲೀಸಾಗಿ ಬಿಚ್ಚಿಕೊಂಡವು. ಕಾಲಿನದು ಅಲೀಮನ ಬೆರಳಿಗೆ ಜಗ್ಗಲಿಲ್ಲ. ಮೇಲೆ ದೂರ ನಿಂತಿದ್ದ ಯಾಸೀನ್ ಇಳಿದು ಬಂದ. ಅಪ್ಪನ ಮುಖ ನೋಡದೆ ಇನ್ನೊಂದು ತುದಿ ಹಿಡಿದ.

ಗಂಟು ಸಡಿಲಿತು. ಒಳಗೆ ಮಡಚಿಕೊಂಡಿದ್ದ ಕಪ್ಪು ಕಲೆ ಅವಳ ಪಾದದ ಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು.