ಕಳಚದ ಸರ್ಪದ ತಲೆ

ಗುಡ್ಡದಿಂದ ಇಳಿದು ಬಂದ ಮುದುಕಿ ಗುನ್ವರ್ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಒಂದೇ ಹಡಗು ಕಣಮ್ಮ. ಮೂತಿ ಮೇಲೆ ಸರ್ಪದ ತಲೆ ಹಾಗೇ ಇದೆ.”

ರಾಣಿ ಮೂರೆನ್‌ಳ ಕೈ ಬಾರ್ಲಿ ಹಿಟ್ಟಿನಲ್ಲೇ ನಿಂತಿತು. ಸ್ವಂತ ದಡಕ್ಕೆ ಬರುವವರು ಹಡಗಿನ ಮೂತಿಯ ಮರದ ಸರ್ಪತಲೆಯನ್ನು ದೂರದಲ್ಲೇ ಕಳಚಿಡುತ್ತಾರೆ. ಇಲ್ಲದಿದ್ದರೆ ನೆಲ ಕಾಯುವ ದೈವಗಳು ಬೆದರುತ್ತವೆ. ತಲೆ ಹೊತ್ತು ಬರುವವನು ಹಗೆಯೇ.

“ಅವರು ಮರೆತಿರಬಹುದಲ್ವಾ?”

“ನಿನ್ನ ಗಂಡ ಹಾರೆಕ್ ಮರೆಯೋದಾ? ಎತ್ತಿ ಆಡಿಸಿದೋಳು ನಾನು. ಚಡ್ಡಿ ಮರೆತು ಬಂದಾನು, ಅದನ್ನ ಮರೆಯೋನಲ್ಲ.”

ಹಾಗಾದರೆ ಅರಸ ಸತ್ತ. ಬರುತ್ತಿರುವವನು ಸಿಂಹಾಸನಕ್ಕಾಗಿ ಅರಸನೊಡನೆ ಕಾದಾಡುತ್ತಿದ್ದ ಮೈದುನ ಥೋರ್ಫಿನ್. ಅವನು ಮೊದಲು ಮಾಡುವ ಕೆಲಸ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಊನವಿದ್ದವನಿಗೆ ಪಟ್ಟವಿಲ್ಲ. ಇನ್ನೊಬ್ಬ ಅಣ್ಣನ ಮಗನ ಕಣ್ಣಿಗೆ ಅವನೇ ಕಾದ ಕಬ್ಬಿಣ ಇಟ್ಟಿದ್ದ; ಆ ಹುಡುಗ ಇಂದಿಗೂ ಗೋಡೆ ತಡವುತ್ತ ಓಡಾಡುತ್ತಾನೆ.

“ಈವಾರ್‌ನ ಎಲ್ಲಾದ್ರೂ ಓಡಿಸಮ್ಮ.”

“ಎಲ್ಲಿಗೆ? ಸುತ್ತ ನೀರು.”

ಅವಳ ಒಂಬತ್ತು ವರ್ಷದ ಮಗ ಈವಾರ್ ಒಲೆಯ ಬಳಿ ಕೂತು ಒಣಮೀನು ದಾರಕ್ಕೆ ಪೋಣಿಸುತ್ತಿದ್ದ. ಮೂರೆನ್‌ಳ ನೋಟ ಅವನಿಂದ ಮೀನು ಕೊಯ್ಯುವ ಚೂರಿಯ ಕಡೆಗೆ ಹೋಯಿತು.

“ಊನ ಅಂದ್ರೆ ಕಣ್ಣೇ ಆಗ್ಬೇಕಾ, ಗುನ್ವರ್?”

ಮೂರೆನ್ ಚೂರಿ ಎತ್ತಿಕೊಂಡಳು.

“ಬಾ ಮಗ. ಬಲಗೈ ಕೊಡು.”

“ಮೀನಿನ ವಾಸನೆ ಬರತ್ತೆ, ಅಮ್ಮ.” ಅಂಗಿಗೆ ಒರೆಸಿಕೊಂಡು ಕೊಟ್ಟ.

ಹೆಬ್ಬೆರಳ ಬುಡಕ್ಕೆ ಅವಳು ಉಣ್ಣೆಯ ನೂಲು ಬಿಗಿದಳು. ಕತ್ತಿ ಹಿಡಿಯಲಾರದವನನ್ನು ಥೋರ್ಫಿನ್ ಏನು ಮಾಡಿಯಾನು? ಕಣ್ಣು ಉಳಿದೀತು.

“ನನ್ನ ಮುಖಾನೇ ನೋಡ್ತಿರು. ಬೇರೆಲ್ಲೂ ನೋಡ್ಬೇಡ.”

ಅವನು ಕಿರುಚಿದ್ದು ಒಂದೇ ಸಲ. ಅವಳು ಸೆರಗಿನಲ್ಲಿ ಕೈ ಸುತ್ತಿ ಅವುಚಿಕೊಂಡಳು. ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು.

ಇಬ್ಬರ ಹೆಗಲ ಮೇಲೆ ಒಳಗೆ ಬಂದವನು ಹಾರೆಕ್. ತೊಡೆಯಲ್ಲಿ ಮುರಿದ ಬಾಣ, ಮುಖದಲ್ಲಿ ನಗು.

“ಗೆದ್ದೆ ಕಣೇ! ಥೋರ್ಫಿನ್ ಮೀನಿನ ಪಾಲಾದ. ಇನ್ನು ನನ್ನ ಮಗನ ಪಟ್ಟಕ್ಕೆ ಅಡ್ಡ ಬರೋರು ಯಾರೂ ಇಲ್ಲ. ಎಲ್ಲಿ ಅವನು?”

ಗುನ್ವರ್ ಅವನ ತೋಳು ಹಿಡಿದಳು. “ತಲೆ... ತಲೆ ಯಾಕಪ್ಪಾ ಕಳಚಲಿಲ್ಲ?”

“ಹಡಗಿನ ಬಡಗಿ ಕೆಟಿಲ್ ಸತ್ತನಲ್ಲಾ. ಅದರ ಗೂಟ ಬಿಚ್ಚೋ ಕೈಚಳಕ ಅವನೊಬ್ಬನಿಗೇ ಗೊತ್ತಿದ್ದಿದ್ದು. ನಾವೂ ಗುದ್ದಿ ನೋಡಿದ್ವಿ, ಬರಲಿಲ್ಲ.” ಹಾರೆಕ್ ಹೆಂಡತಿಯತ್ತ ತಿರುಗಿ ನಕ್ಕ. “ಯಾಕೆ, ನೆಲದ ದೈವಗಳು ಹೆದರಿಬಿಟ್ವಾ?”

ಮೂರೆನ್ ಸೆರಗು ಸುತ್ತಿದ ಪುಟ್ಟ ಕೈಯನ್ನು ಇನ್ನಷ್ಟು ಅವುಚಿಕೊಂಡಳು. ಅವಳ ತೋಳಿನೊಳಗಿಂದ ಈವಾರ್, ಹೇಳಿದ ಹಾಗೆಯೇ, ಅವಳ ಮುಖವನ್ನೇ ನೋಡುತ್ತಿದ್ದ.