ಬೀದಿಯ ಕರೆಂಟು, ಮೊಟ್ಟೆಯ ಕಾವು

ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಯಾರಿಗೂ ಗಾಬರಿ ಇರಲಿಲ್ಲ. ಗಾಬರಿಯೆಲ್ಲ ಅದು ಬಂದಾಗ! ಮತ್ತೆ ಹೋಗುವುದರೊಳಗೆ ಕೆಲಸ ಮುಗಿಸಿಕೊಳ್ಳಬೇಕಲ್ಲ? ಮನೆಮನೆಯಲ್ಲೂ ನೀರಿನ ಮೋಟಾರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಒಟ್ಟಿಗೇ ಶುರು. ಮೂಲೆಯ ಹಳೇ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ಟಪ್ ಎಂದು ಕೈಚೆಲ್ಲುತ್ತಿತ್ತು. ಆಮೇಲೆ ಬೀದಿಗೆ ಬೀದಿಯೇ ಹೊರಗೆ ನಿಂತು ಇಲಾಖೆಯವರನ್ನು ಬಯ್ಯುವುದು.

ಎಲ್ಲರಿಗಿಂತ ಮೊದಲು ಮೋಟಾರ್ ಹಾಕುತ್ತಿದ್ದವರು ಪಕ್ಕದ ಮನೆಯ ಕೋಳಿಯಣ್ಣ. ಎಲ್ಲರಿಗಿಂತ ಜೋರಾಗಿ ಬಯ್ಯುತ್ತಿದ್ದವರೂ ಅವರೇ. ಮೊಟ್ಟೆಗೆ ಕಾವು ಕೊಡುವ ಮಷೀನಿಟ್ಟು ಮರಿ ಮಾಡಿಸಿ ಮಾರುವುದು ಅವರ ಕಸುಬು. ಕರೆಂಟ್ ಇಲ್ಲದೆ ಮಷೀನು ತಣ್ಣಗಾದರೆ, ಒಳಗಿನ ಜೀವವೂ ತಣ್ಣಗಾಗುತ್ತದೆ.

ಕೋಳಿಯಣ್ಣನ ಹೆಂಡತಿ ನಮಗೆಲ್ಲ ಅತ್ತಿಗೆ. ಅವರ ತಂಗಿ ವಿದ್ಯುತ್ ಇಲಾಖೆಯಲ್ಲಿ ಲೈನ್ ನೋಡಿಕೊಳ್ಳುವವಳು. ಒಂದು ಭಾನುವಾರ ಬಂದವಳೇ ಮಾತು ತೆಗೆದಳು.

"ಭಾವ, ಈ ಬೀದೀಲಿ ದೊಡ್ಡ ತಾರಸಿ ನಿಮ್ಮದೇ. ಬೀದಿಯವರೆಲ್ಲ ಸೇರಿ ಸೋಲಾರ್ ಹಲಗೆ ಹಾಕಿಸೋಣ. ಕೆಳಗಿನ ಕೋಣೇಲಿ ಬ್ಯಾಟರಿ ಇಡೋಣ."

"ನನ್ನ ತಾರಸಿ, ಊರಿಗೆಲ್ಲ ಬೆಳಕಾ? ಚೆನ್ನಾಗಿದೆ ನಿನ್ನ ಲೆಕ್ಕ! ಆ ಮುದಿ ಟ್ರಾನ್ಸ್‌ಫಾರ್ಮರ್ ಬದಲಾಯಿಸಿ ಅಂತ ನಿಮ್ಮ ಸಾಹೇಬರಿಗೆ ಹೇಳು."

"ಅದೂ ಬದಲಾಗುತ್ತೆ. ಆದರೆ ಸಂಜೆ ಎಲ್ಲರೂ ಒಂದೇ ಸಲ ಎಳೆದರೆ ಹೊಸದೂ ಎಷ್ಟು ದಿನ ತಡೆಯುತ್ತೆ ಹೇಳಿ? ಹಗಲಿನ ಬಿಸಿಲು ಬ್ಯಾಟರಿ ತುಂಬುತ್ತೆ, ಸಂಜೆ ಅದು ಲೈನಿಗೆ ಹೆಗಲು ಕೊಡುತ್ತೆ. ಲೈನೇ ಹೋದರೂ ನಿಮ್ಮ ಮಷೀನು ನಿಲ್ಲಲ್ಲ."

"ಮೋಡ ಮುಚ್ಚಿದರೆ?"

"ಬಿಸಿಲಿನ ಕರೆಂಟು ಕಡಿಮೆಯಾಗುತ್ತೆ. ದೊಡ್ಡ ಲೈನ್ ಇದ್ದೇ ಇರುತ್ತಲ್ಲ! ಒಂದಕ್ಕೊಂದು ಆಸರೆ."

"ಅಲ್ಲಮ್ಮ, ಲೈನ್ ಹೋದಾಗ ನಮ್ಮ ಬ್ಯಾಟರಿ ಕರೆಂಟು ಕಂಬಕ್ಕೆ ಹೋಗಿ ಯಾರಿಗಾದರೂ ಹೊಡೆದರೆ?"

"ಹಾಗಾಗಬಾರದು ಅಂತಲೇ ತಾನಾಗಿ ಲೈನಿನಿಂದ ಬೇರೆಯಾಗೋ ಯಂತ್ರ ಇರುತ್ತೆ. ಅದನ್ನ ಇಲಾಖೆಯವರೇ ನೋಡಿ ಜೋಡಿಸಬೇಕು. ಕಂಬ ಹತ್ತೋಳು ನಾನು ಭಾವ, ನನಗೇನು ಜೀವದ ಮೇಲೆ ಆಸೆ ಇಲ್ವಾ?"

ಕೋಳಿಯಣ್ಣ ಆಗಲೂ ಜಗ್ಗಲಿಲ್ಲ. "ಜನರೇಟರ್ ತಂದರೆ ಮುಗೀತು," ಎಂದರು. ಅತ್ತಿಗೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ತರ್ತೀನಿ ತರ್ತೀನಿ ಅಂತ ಎಷ್ಟು ದಿನ ಆಯ್ತು? ಹೋದ ಸಲ ಚಿಪ್ಪೊಳಗೇ ಸತ್ತ ಮರಿಗಳನ್ನ ಬುಟ್ಟಿ ತುಂಬ ಹೊತ್ತು ಹೂತೋಳು ನಾನು. ನೀವು ಹೊರಗೆ ನಿಂತು ಬಯ್ತಾ ಇದ್ರಿ."

ಕೋಳಿಯಣ್ಣ ಕೊನೆಗೆ ತಾರಸಿ ಬಿಟ್ಟುಕೊಟ್ಟರು, ಗೊಣಗುತ್ತಲೇ.

ಹಲಗೆ ಬಂದವು, ಬ್ಯಾಟರಿ ಬಂತು. ಬೀದಿಯವರು ಕೂತು ಒಂದು ಮಾತು ಮಾಡಿಕೊಂಡರು. ಮೋಟಾರು, ಇಸ್ತ್ರಿ ಎಲ್ಲ ಬಿಸಿಲಿರುವಾಗಲೇ. ಲೈನ್ ಹೋದಾಗ ಬ್ಯಾಟರಿಯಿಂದ ದೀಪ, ಫ್ಯಾನು, ಫ್ರಿಜ್ಜು, ಮೊಟ್ಟೆ ಮಷೀನು ಮಾತ್ರ.

ಆಮೇಲೊಂದು ಸಂಜೆ ಜೋರು ಗಾಳಿ. ದೊಡ್ಡ ಲೈನೇ ಹರಿದು ಬಿತ್ತು. ಆಚೆ ಬೀದಿಯೆಲ್ಲ ಕತ್ತಲು. ನಮ್ಮಲ್ಲಿ ದೀಪ ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಹತ್ತಿಕೊಂಡಿತು. ಅವತ್ತೇ ಮಷೀನಿನೊಳಗೆ ಮೊಟ್ಟೆಗಳು ಬಿರುಕು ಬಿಡಲು ಶುರುಮಾಡಿದ್ದವು. ಕೋಳಿಯಣ್ಣ ಮಷೀನಿಗೆ ಹೊದಿಸಲು ಕಂಬಳಿ ಹಿಡಿದು ಓಡಿಬಂದರು. ಬಂದ ಕರೆಂಟು ಮತ್ತೆ ಹೋದೀತೆಂಬ ಹಳೇ ಚಾಳಿಯಿಂದ ದಾರಿಯಲ್ಲೇ ಕೈ ಮೋಟಾರ್ ಸ್ವಿಚ್ಚಿನ ಮೇಲೆ ಹೋಯಿತು. ಅತ್ತಿಗೆ ಗಬಕ್ಕನೆ ಆ ಕೈ ಹಿಡಿದರು.

"ಇದು ಬ್ಯಾಟರಿ ಕಣ್ರೀ! ನೀವು ಮೋಟಾರ್ ಹಾಕಿದರೆ ಎಲ್ಲರೂ ಹಾಕ್ತಾರೆ. ಬೆಳಗಿನವರೆಗೆ ಮಷೀನಿಗೆ ಏನು ಉಳಿಯುತ್ತೆ?"

ಕೋಳಿಯಣ್ಣ ಕಂಬಳಿ ಅಲ್ಲೇ ಬಿಸಾಡಿ ಬೀದಿಗೆ ಓಡಿದರು. ಜನ್ಮದಲ್ಲಿ ಯಾರಿಗೂ ತಲೆಬಾಗದ ಮನುಷ್ಯ, ಒಂದೊಂದು ಬಾಗಿಲಿಗೂ ಹೋಗಿ ಕೈಮುಗಿದರು. "ಮೋಟಾರ್ ಹಾಕ್ಬೇಡ್ರಪ್ಪ, ಮರಿಗಳು ಬರ್ತಾ ಇವೆ!" ನಮಗೆ ನಗುವೂ ಬಂತು, ಪಾಪ ಅನ್ನಿಸಿದ್ದೂ ಹೌದು. ಯಾರೂ ಹಾಕಲಿಲ್ಲ.

ಬೆಳಗ್ಗೆ ಹೋಗಿ ನೋಡಿದರೆ ಕೋಣೆ ತುಂಬ ಚಿಂವ್ ಚಿಂವ್. ಅತ್ತಿಗೆ ಇನ್ನೂ ಒದ್ದೆಯಾಗಿದ್ದ ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಕೋಳಿಯಣ್ಣ ಅತ್ತಿದ್ದಾರೆಂದು ಕಣ್ಣೇ ಹೇಳುತ್ತಿತ್ತು. ನಮ್ಮೆಲ್ಲರ ಎದೆಯ ಭಾರ ಇಳಿದಿತ್ತು.

"ಬೀದಿಯವರು ಸುಮ್ಮನಿದ್ದರು, ಇವು ಬದುಕಿದವು," ಎಂದರು ಕೋಳಿಯಣ್ಣ. "ಜನರೇಟರ್ ಮಾತು ಇನ್ನು ಎತ್ತಲ್ಲ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ತಾರಸಿಯ ಮೇಲೂ ಬಿಸಿಲು ಸುಮ್ಮನೆ ಬಿದ್ದು ಹೋಗುತ್ತಿದೆ. ಅಕ್ಕಪಕ್ಕದವರನ್ನು ಕೂಡಿಸಿ ಮಾತಾಡಿ. ವಿದ್ಯುತ್ ಕಚೇರಿಗೆ ಹೋಗಿ ವಿಚಾರಿಸಿ. ವೈರು ನೀವೇ ಜೋಡಿಸಲು ಹೋಗಬೇಡಿ. ಮೋಟಾರ್ ಹಗಲಲ್ಲೇ ಹಾಕುವುದನ್ನಂತೂ ನಾಳೆಯಿಂದಲೇ ಶುರುಮಾಡಬಹುದು. ಕರೆಂಟ್ ಹೋದರೆ ಜೀವ ಕೈಯಲ್ಲಿ ಹಿಡಿದು ಕೂರುವ ಮನೆ ನಿಮ್ಮ ಬೀದಿಯಲ್ಲೂ ಒಂದಿರುತ್ತದೆ. ಅದು ಯಾವುದೆಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ, ಮೊದಲು ಆ ಬಾಗಿಲು ತಟ್ಟಿ.